ನೆಮ್ಮದಿಯ ಕೆಲಸ ಬಿಟ್ಟು ಬೇರೆ ವೃತ್ತಿಗೆ ಹೋಗಬೇಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 13 ವರ್ಷ ಟೆಸ್ಟಿಂಗ್ ವಿಭಾಗದಲ್ಲಿದ್ದೆ. 36ನೇ ವಯಸ್ಸಿನಲ್ಲಿ ಅದನ್ನು ಬಿಟ್ಟು ಬಿ.ಎಡ್. ಮಾಡಿದೆ. ಈಗ ಮೈಸೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಗಣಿತ ಹೇಳಿಕೊಡುತ್ತೇನೆ. ಹಳೆಯ ಸಹೋದ್ಯೋಗಿಗಳು, ನೆಂಟರು, ಬ್ಯಾಂಕಿನಲ್ಲಿರುವ ಗೆಳತಿಯರು, ಒಮ್ಮೊಮ್ಮೆ ಮಕ್ಕಳ ಅಪ್ಪ ಅಮ್ಮಂದಿರು ಕೂಡ ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಬ್ಬೊಬ್ಬರಿಗೆ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ಮಾತಲ್ಲಿ ಹೇಳಿ, ಬಿಡಬೇಕಾ, ಬೇಡವಾ?

ನಿಮ್ಮ ಮನೆಯ ಪರಿಸ್ಥಿತಿ ನನಗೆ ಗೊತ್ತಿಲ್ಲದೆ ಅದನ್ನು ಹೇಳಲಾರೆ. ಆದರೆ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವ ಪ್ರಶ್ನೆ ಒಂದಿದೆ: ಹೋಗಬೇಕೆಂದಿರುವ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ ಯಾವುದೋ, ಅದನ್ನು ನಿಮ್ಮ ಕೈಯಾರೆ ಮಾಡಿದ್ದೀರಾ?

ದೂರದಿಂದ ನೋಡುವಾಗ ಕಾಣುವುದು ಆ ಕೆಲಸದ ಚೆಂದದ ಭಾಗ ಮಾತ್ರ. ನನಗೂ ಮೇಷ್ಟ್ರ ಕೆಲಸ ಅಂದರೆ ಬೋರ್ಡಿನ ಮುಂದೆ ನಿಂತು ಪಾಠ ಮಾಡುವುದು ಅಂತಲೇ ಇತ್ತು. ಕಂಪನಿಗೆ ಶನಿವಾರ ರಜೆ, ಶಾಲೆಗಳಿಗೆ ಶನಿವಾರ ಬೆಳಗಿನ ತರಗತಿ ಇರುತ್ತದೆ. ಆಗ ನಮ್ಮ ಮನೆ ಬನಶಂಕರಿಯಲ್ಲಿತ್ತು. ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಎಂಟು ತಿಂಗಳು ಶನಿವಾರ ಹೋಗಿ ಒಂಬತ್ತನೇ ತರಗತಿಗೆ ಗಣಿತ ಹೇಳಿಕೊಟ್ಟೆ. ಮೊದಲ ಎರಡು ತಿಂಗಳು ಹಬ್ಬದಂತಿತ್ತು. ಆಮೇಲೆ ಅಲ್ಲಿನ ಗಣಿತದ ಮೇಡಂ ಒಂದು ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಕೈಗೆ ಕೊಟ್ಟು, "ಇದನ್ನೂ ನೋಡಿಬಿಡಿ, ಗೊತ್ತಾಗುತ್ತೆ" ಅಂದರು. 43 ಪತ್ರಿಕೆ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. (a+b) ಇಡಿಯ ವರ್ಗ ಅಂದರೆ a ವರ್ಗ, b ವರ್ಗ ಎರಡನ್ನೂ ಕೂಡಿಸಿದರೆ ಸಾಕು ಅಂತ 31 ಮಕ್ಕಳು ಬರೆದಿದ್ದರು. ನಡುವಿನ 2ab ಅವರಲ್ಲಿ ಯಾರಿಗೂ ನೆನಪಿಲ್ಲ. ನಾನು ಮೂರು ವಾರ ಅದನ್ನೇ ಹೇಳಿಕೊಟ್ಟಿದ್ದೆ. ಕೆಂಪು ಪೆನ್ನಿನಲ್ಲಿ ಅದೇ 2ab ಅನ್ನು 31 ಸಲ ಬರೆಯುವಷ್ಟರಲ್ಲಿ ಕತ್ತಲಾಗಿತ್ತು. ಕೈ ಸೋತಿತ್ತು. ಆದರೆ ಮನಸ್ಸು ಮುಂದಿನ ಶನಿವಾರಕ್ಕೆ ಓಡಿತ್ತು. ಒಂದು ಚೌಕವನ್ನು ನಾಲ್ಕು ತುಂಡು ಮಾಡಿ ರಟ್ಟಿನಲ್ಲಿ ಕತ್ತರಿಸಿಕೊಂಡು ಹೋದರೆ, ಆ ಎರಡು ab ಕಣ್ಣಿಗೇ ಕಾಣುತ್ತವಲ್ಲ ಅನ್ನಿಸಿತು. ನಾನು ತೀರ್ಮಾನ ಮಾಡಿದ್ದು ಆ ಸಂಜೆ.

ಆ ಕಟ್ಟನ್ನು ನೋಡಿ ಸಾಕಪ್ಪಾ ಅನ್ನಿಸಿದ್ದರೆ ನಾನು ಕಂಪನಿಯಲ್ಲೇ ಉಳಿಯುತ್ತಿದ್ದೆ. ಅದೂ ಒಳ್ಳೆಯ ತೀರ್ಮಾನವೇ ಆಗುತ್ತಿತ್ತು. ಬೇಕರಿ ಇಡುವ ಆಸೆಯಿದ್ದರೆ ಪರಿಚಯದ ಬೇಕರಿಯೊಂದರಲ್ಲಿ ಒಂದು ವಾರ ಬೆಳಗಿನ ಜಾವ ಎದ್ದು ಟ್ರೇ ತೊಳೆಯಿರಿ. ಫೋಟೋಗ್ರಫಿ ಅಂದರೆ ಮದುವೆಯೊಂದರ ಎರಡು ಸಾವಿರ ಫೋಟೋ ಆರಿಸಿ ತಿದ್ದಿಕೊಡಿ. ಆಮೇಲೆ ಮಾತಾಡೋಣ.

ನನಗೆ ಬೇಸರವಾಗಿರುವುದು ಈ ಆಫೀಸೋ, ಈ ವೃತ್ತಿಯೋ? ಹೇಗೆ ಗೊತ್ತಾಗುತ್ತದೆ?

ಮ್ಯಾನೇಜರ್ ಬದಲಾದರೆ, ಮನೆಯಿಂದ ಕೆಲಸ ಮಾಡಲು ಬಿಟ್ಟರೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವ ಕಷ್ಟ ತಪ್ಪಿದರೆ ನಿಮ್ಮ ಬೇಸರ ಹೋಗುತ್ತದೆಯೇ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಹೋಗುತ್ತದೆ ಅನ್ನಿಸಿದರೆ ಕಂಪನಿ ಬದಲಾಯಿಸಿ, ವೃತ್ತಿಯನ್ನಲ್ಲ. ಎರಡು ವಾರ ಒಟ್ಟಿಗೆ ರಜೆ ಹಾಕಿ ನಿದ್ದೆ ತೀರಿಸಿಕೊಂಡ ಮೇಲೂ ಅದೇ ಯೋಚನೆ ಉಳಿದಿದ್ದರೆ ಮಾತ್ರ ಮುಂದಕ್ಕೆ ಓದಿ. ದಣಿದ ಮನಸ್ಸಿಗೆ ಊರಾಚೆಯ ಯಾವ ಕೆಲಸವೂ ಸುಖವಾಗಿಯೇ ಕಾಣುತ್ತದೆ.

ಎಷ್ಟು ದುಡ್ಡು ಕೂಡಿಟ್ಟಿರಬೇಕು?

ಆರು ತಿಂಗಳದ್ದು, ಒಂದು ವರ್ಷದ್ದು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಹೊಸ ಕೆಲಸದಲ್ಲಿ ಎಷ್ಟು ಬರುತ್ತದೋ ಅಷ್ಟರಲ್ಲೇ ಈಗಿನಿಂದ ಆರು ತಿಂಗಳು ಬದುಕಿ ನೋಡಿ. ಸಂಬಳ ಬಂದ ದಿನವೇ ಮಿಕ್ಕಿದ್ದನ್ನು ಇನ್ನೊಂದು ಖಾತೆಗೆ ಹಾಕಿಬಿಡಿ. ಕೈಯಲ್ಲಿ ದುಡ್ಡೂ ಕೂಡುತ್ತದೆ, ಕೈ ಎಲ್ಲಿ ಬಿಗಿಯಾಗುತ್ತದೆ ಅಂತಲೂ ತಿಳಿಯುತ್ತದೆ.

ನನ್ನ ಕೈಗೆ ಬರುತ್ತಿದ್ದುದು ತಿಂಗಳಿಗೆ 1,30,000 ರೂಪಾಯಿ. ಈಗ ಶಾಲೆಯಲ್ಲಿ 28,000. ನಡುವೆ ಬಿ.ಎಡ್.ನ ಎರಡು ವರ್ಷ ಸೊನ್ನೆ. ಯಜಮಾನರ ಸಂಬಳ ಇತ್ತು, 18 ತಿಂಗಳ ಮನೆಖರ್ಚಿನಷ್ಟು ಉಳಿತಾಯ ಇತ್ತು. ಯಜಮಾನರ ಸಂಬಳ ಇಲ್ಲದಿದ್ದರೆ ನಾನು ಆ ವರ್ಷ ಬಿಡುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು "ಧೈರ್ಯ ಮಾಡಿ" ಅಂತ ಬೇರೆಯವರಿಗೆ ಹೇಳುವುದು ನನಗೆ ತಪ್ಪಾಗಿ ಕಾಣುತ್ತದೆ.

ಲೆಕ್ಕದಲ್ಲಿ ನಾನು ಎಡವಿದ್ದು ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ. ಹಾಲು, ದಿನಸಿ, ಕರೆಂಟು, ಕಂತು ಎಲ್ಲ ಬರೆದುಕೊಂಡಿದ್ದೆ. ಎಲ್‌ಐಸಿ ಪ್ರೀಮಿಯಂ, ಗಾಡಿ ವಿಮೆ, ಮನೆ ಕಂದಾಯ, ಜೂನ್ ತಿಂಗಳ ಸ್ಕೂಲ್ ಫೀಸು, ಗೌರಿ ಗಣೇಶಕ್ಕೆ ಸೀರೆ ಬಾಗಿನ, ಒಂದು ಬೇಸಿಗೆಯಲ್ಲಿ ಬಂದ ನಾಲ್ಕು ಮದುವೆಗಳ ಮುಯ್ಯಿ, ಇವನ್ನು ಬಿಟ್ಟಿದ್ದೆ. ಕೂಡಿಸಿ ಹನ್ನೆರಡರಿಂದ ಭಾಗಿಸಿದಾಗ ತಿಂಗಳಿಗೆ 14,000 ಹೆಚ್ಚಾಯಿತು. ನೀವು ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಕೂತುಕೊಳ್ಳಿ, ನೆನಪನ್ನು ನಂಬಬೇಡಿ.

ಮನೆಯವರು ಒಪ್ಪುತ್ತಿಲ್ಲ. ಏನು ಮಾಡಲಿ?

ಒಪ್ಪದೇ ಇರುವುದಕ್ಕೆ ಕಾರಣ ಏನು ಅಂತ ಕೇಳಿದ್ದೀರಾ? ನಮ್ಮಮ್ಮ ಅರಸೀಕೆರೆಯಿಂದ ಫೋನ್ ಮಾಡಿ, "ಆಫೀಸಲ್ಲಿ ಏನಾದ್ರೂ ಗಲಾಟೆ ಆಯ್ತೇನೇ ಪುಟ್ಟಿ?" ಅಂದರು. ಅವರಿಗಿದ್ದ ಭಯ ಅಷ್ಟೇ. ಇಲ್ಲಮ್ಮ ಅಂದ ಮೇಲೆ ಸುಮ್ಮನಾದರು.

ಮಾವನವರದು ಬೇರೆ. ವಿದ್ಯುತ್ ಮಂಡಳಿಯಲ್ಲಿ ಇಡೀ ಸರ್ವೀಸ್ ಮುಗಿಸಿ ನಿವೃತ್ತರಾದವರು. "ಬರೋ ಸಂಬಳ ಯಾರಾದ್ರೂ ಬಿಡ್ತಾರೇನಮ್ಮ?" ಅಂತ ಒಂದೇ ಮಾತು ಹೇಳಿ ಹದಿನೈದು ದಿನ ಆ ವಿಷಯವನ್ನೇ ಎತ್ತಲಿಲ್ಲ. ಕೊನೆಗೆ ನಾನು ಲೆಕ್ಕ ಬರೆದಿದ್ದ ನೋಟ್‌ಬುಕ್ಕನ್ನೇ ಅವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಮರುದಿನ ಬೆಳಿಗ್ಗೆ ನೋಟ್‌ಬುಕ್ ಕಾಫಿ ಲೋಟದ ಪಕ್ಕ ಇತ್ತು. ಕೊನೆಯ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದರು: "ಆಸ್ಪತ್ರೆ, ನಮ್ಮಿಬ್ಬರದು?"

ಮಾವ, ಅತ್ತೆ ಇಬ್ಬರೂ ನನ್ನ ಕಂಪನಿಯ ಗುಂಪು ವಿಮೆಯಲ್ಲಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ನಾನು ಕೆಲಸ ಬಿಟ್ಟರೆ ತಮ್ಮ ಚಿಕಿತ್ಸೆಯ ಗತಿ ಏನು ಅನ್ನುವುದನ್ನು ಬಾಯಿಬಿಟ್ಟು ಕೇಳಲು ಆ ಹಿರಿಯರಿಗೆ ಸಂಕೋಚವಾಗಿತ್ತು. ನನ್ನ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಇವತ್ತಿಗೂ ಆ ಪೆನ್ಸಿಲ್ ಸಾಲು ನೆನಪಾದರೆ ಕಣ್ಣು ತುಂಬುತ್ತದೆ. ವಾದ ಮಾಡಬೇಡಿ, ಲೆಕ್ಕ ತೋರಿಸಿ. ಅವರು ಅದರ ಕೆಳಗೆ ಏನು ಬರೆಯುತ್ತಾರೆ ನೋಡಿ.

ಹಾಗಾದರೆ ಆರೋಗ್ಯ ವಿಮೆಗೆ ಏನು ಮಾಡಬೇಕು?

ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ಮುಗಿಯುತ್ತದೆ. ಮರುದಿನ ಜ್ವರ ಬಂದರೂ ಖರ್ಚು ನಿಮ್ಮದೇ. ಸ್ವಂತ ಪಾಲಿಸಿ ಹೊಸದಾಗಿ ತೆಗೆದುಕೊಂಡರೆ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಸಿಗುವುದಿಲ್ಲ. ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಯಂಥವಕ್ಕೆ ಕಾಯುವ ಅವಧಿ ಗರಿಷ್ಠ ಮೂರು ವರ್ಷ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಇದನ್ನು ನಾಲ್ಕರಿಂದ ಮೂರಕ್ಕೆ ಇಳಿಸಿತು. ಹಾಗಾಗಿ ವೃತ್ತಿ ಬದಲಾಯಿಸುವ ಯೋಚನೆ ಮೊಳಕೆಯೊಡೆದ ವರ್ಷವೇ ಸ್ವಂತ ಪಾಲಿಸಿ ಮಾಡಿಸಿ. ಕೆಲಸದಲ್ಲಿದ್ದಾಗಲೇ ಕಾಯುವ ಅವಧಿ ಕಳೆದುಹೋಗುತ್ತದೆ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶವೂ ಇದೆ, ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಎಚ್‌ಆರ್ ಅವರನ್ನು ರಾಜೀನಾಮೆಗೆ ಮೊದಲೇ ಕೇಳಿ ತಿಳಿದುಕೊಳ್ಳಿ. ನಾವು ಮಾವ, ಅತ್ತೆಗೆ ಹೀಗೆ ಮಾಡಿಸಿದೆವು. ಪ್ರೀಮಿಯಂ ಜಾಸ್ತಿಯೇ ಆಯಿತು. ಅದರ ರಸೀದಿಯನ್ನು ಮಾವನವರೇ ಆ ನೋಟ್‌ಬುಕ್ಕಿಗೆ ಪಿನ್ ಮಾಡಿದರು.

ಪಿಎಫ್, ಗ್ರಾಚ್ಯುಟಿ ಎಷ್ಟು ಬರುತ್ತದೆ? ಪಿಎಫ್ ತೆಗೆದು ಸಾಲ ತೀರಿಸಲೇ?

ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಸಿಗಲು ಒಂದೇ ಕಡೆ ಐದು ವರ್ಷ ತುಂಬಿರಬೇಕು. ನಾನು ಬಿಟ್ಟಾಗ ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಲೆಕ್ಕವಾಗಿತ್ತು. ನನ್ನ ಮೂಲವೇತನ 52,000, ಸೇವೆ 13 ವರ್ಷ, ಬಂದದ್ದು 3,90,000. ನಾಲ್ಕೂವರೆ ವರ್ಷವಾಗಿ ಬಿಡುವ ಯೋಚನೆಯಲ್ಲಿದ್ದರೆ ದಯವಿಟ್ಟು ಐದು ತುಂಬಿಸಿ ಬಿಡಿ.

ಪಿಎಫ್ ಮುಟ್ಟಬೇಡಿ ಅನ್ನುವುದು ನನ್ನ ಸಲಹೆ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಹಳೆಯ ಕಂಪನಿಯ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಆ ವರ್ಷಗಳೂ ಸೇರುತ್ತವೆ. ಕೆಲಸ ಬಿಟ್ಟ ಮೇಲೂ ಖಾತೆಗೆ ಬಡ್ಡಿ ಬರುತ್ತಿರುತ್ತದೆ, ಆ ಬಡ್ಡಿಗೆ ಮಾತ್ರ ತೆರಿಗೆ ಉಂಟು. ಪಿಎಫ್ ಜೊತೆಗೇ ಇರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿದವರಿಗೆ 58ರಿಂದ ಪಿಂಚಣಿ ಬರುತ್ತದೆ. ಹತ್ತು ತುಂಬದಿದ್ದರೆ ಆ ದುಡ್ಡು ಎತ್ತಿಬಿಡುವ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮುಂದೆ ಪಿಎಫ್ ಇರುವ ಕಡೆ ಸೇರಿದರೆ ಆ ವರ್ಷಗಳು ಕೂಡಿಕೊಳ್ಳುತ್ತವೆ.

ಹೋಮ್ ಲೋನ್ ಇದೆ.

ತೀರಿಸುವವರೆಗೆ ಕಾಯಬೇಕೆಂದಿಲ್ಲ, ಆದರೆ ಬ್ಯಾಂಕಿನ ಕೆಲಸವನ್ನೆಲ್ಲ ಸಂಬಳದ ಸ್ಲಿಪ್ ಇರುವಾಗಲೇ ಮುಗಿಸಿ. ಬಡ್ಡಿ ದರ ಇಳಿಸಿಕೊಳ್ಳುವುದು, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದು, ಅವಧಿ ಹೆಚ್ಚಿಸಿ ಕಂತು ತಗ್ಗಿಸುವುದು ಆಮೇಲೆ ಬಹಳ ಕಷ್ಟ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ, 2012ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ನನಗೆ ಬಂದ ಗ್ರಾಚ್ಯುಟಿಯನ್ನು ಸಾಲಕ್ಕೇ ಕಟ್ಟಿದೆ.

ನಾನು ಬ್ಯಾಂಕ್ ಆಫೀಸರ್. ರಾಜೀನಾಮೆ ಕೊಟ್ಟರೆ ಪಿಂಚಣಿ?

ಇದನ್ನು ದಯವಿಟ್ಟು ಎರಡು ಸಲ ಓದಿ. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. 1995ರ ಬ್ಯಾಂಕ್ ನೌಕರರ ಪಿಂಚಣಿ ನಿಯಮಗಳ ಪ್ರಕಾರ ರಾಜೀನಾಮೆ ಕೊಟ್ಟವರ ಹಿಂದಿನ ಸೇವೆಯೆಲ್ಲ ಪಿಂಚಣಿಯ ಮಟ್ಟಿಗೆ ಹೋಗಿಬಿಡುತ್ತದೆ. 20 ವರ್ಷದ ಅರ್ಹ ಸೇವೆ ತುಂಬಿಸಿ, ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. 19 ವರ್ಷವಾಗಿದ್ದಾಗ ಬೇಸತ್ತು ರಾಜೀನಾಮೆ ಬರೆದುಕೊಟ್ಟರೆ ಆಗುವ ನಷ್ಟ ಜೀವಮಾನದ್ದು. 2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್ ಅನ್ನುವ ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿದ್ದಾರೆ, ಅವರ ಖಾತೆ ಅವರ ಜೊತೆಗೇ ಬರುತ್ತದೆ. ಸರ್ಕಾರಿ ನೌಕರರೂ ತಮ್ಮ ಸೇವಾ ನಿಯಮ ಓದದೆ ರಾಜೀನಾಮೆ ಅನ್ನುವ ಪದವನ್ನು ಕಾಗದದ ಮೇಲೆ ಬರೆಯಬಾರದು.

ಬ್ಯಾಂಕಿನ ಕೆಲಸ ಅಂದರೆ ಕಲ್ಲಿನ ಮೇಲೆ ಬರೆದಂತೆ ಅನ್ನುವ ಕಾಲವಿತ್ತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕಿನ ಬೋರ್ಡುಗಳು ಹನ್ನೆರಡೇ ತಿಂಗಳ ಅಂತರದಲ್ಲಿ ಇಳಿದವು. ಕೆಲಸ ಯಾರದ್ದೂ ಹೋಗಲಿಲ್ಲ. ಆದರೆ "ನಮ್ಮ ಬ್ಯಾಂಕ್" ಅಂತ ಅಭಿಮಾನವಿದ್ದ ಹಲವರು ನನಗೆ ಈ ಪ್ರಶ್ನೆ ಕೇಳಲು ಶುರುಮಾಡಿದ್ದು ಆಮೇಲೆಯೇ.

ನಲವತ್ತು ದಾಟಿದೆ. ಈಗ ಬದಲಾಯಿಸುವುದು ತಡವಾಯಿತೇ?

ವಿಶ್ವೇಶ್ವರಯ್ಯನವರು 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿ, 1908ರಲ್ಲಿ ಸ್ವಯಂ ನಿವೃತ್ತಿ ಪಡೆದರು. ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ಐವತ್ತರ ಹತ್ತಿರ ಹತ್ತಿರ. ಕನ್ನಂಬಾಡಿ ಕಟ್ಟೆಯೂ ದಿವಾನಗಿರಿಯೂ ಅದರ ನಂತರದ್ದು. ಅವರು ಬಿಟ್ಟದ್ದು ನೌಕರಿಯನ್ನು, ವಿದ್ಯೆಯನ್ನಲ್ಲ. ನಲವತ್ತರ ಮೇಲೆ ಬದಲಾಯಿಸುವವರಿಗೆ ನನ್ನ ಮನಸ್ಸಿನಲ್ಲಿರುವುದೂ ಅದೇ: ಇಷ್ಟು ವರ್ಷ ಕಲಿತದ್ದರಲ್ಲಿ ಯಾವುದು ಹೊಸ ಜಾಗಕ್ಕೂ ಬರುತ್ತದೆ ಅಂತ ಹುಡುಕಿ. ಎಲ್ಲಿ ತಪ್ಪಾಗಿದೆ ಅಂತ ತಾಳ್ಮೆಯಿಂದ ಹುಡುಕುವುದು ಟೆಸ್ಟಿಂಗ್ ನನಗೆ ಕಲಿಸಿದ ವಿದ್ಯೆ. ಮಗು ಲೆಕ್ಕದ ಯಾವ ಮೆಟ್ಟಿಲಲ್ಲಿ ಜಾರಿತು ಅಂತ ನೋಡುವಾಗ ದಿನವೂ ಅದೇ ಕೆಲಸಕ್ಕೆ ಬರುತ್ತದೆ.

ಊರಿಗೆ ಹೋಗಿ ತೋಟ ಮಾಡೋಣ ಅಂತಿದ್ದೇನೆ.

ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ತಡೆ 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ ಹೋಗಿದೆ, ಆ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಈಗಿಲ್ಲ. ಕೊಳ್ಳುವುದು ಸುಲಭವಾಯಿತು, ಬೆಳೆಯುವುದು ಆಗಿಲ್ಲ. ಅಡಿಕೆ ಸಸಿ ನೆಟ್ಟರೆ ಫಸಲಿನ ಮುಖ ನೋಡಲು ಐದಾರು ವರ್ಷ ಬೇಕು. ಅಷ್ಟು ವರ್ಷ ಮನೆ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಉತ್ತರ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತುವ ಕೊನೆಗಾರರು ನಿಮಗೆ ಬೇಕೆಂದ ದಿನ ಸಿಗುವುದಿಲ್ಲ. ಮಲೆನಾಡಿನ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ಎಲೆಚುಕ್ಕಿ ರೋಗಕ್ಕೆ ತೋಟಗಳೇ ಸೊರಗಿರುವುದನ್ನು ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ. ದೀಪಾವಳಿ ರಜೆಯಲ್ಲಿ ಹೋಗಬೇಡಿ. ಜುಲೈನಲ್ಲಿ ಹತ್ತು ದಿನ, ಕಂಬಳಿ ಕೊಪ್ಪೆ ಹಾಕಿಕೊಂಡು, ಉಂಬಳ (ಜಿಗಣೆ) ಕಚ್ಚಿಸಿಕೊಂಡು ತೋಟದಲ್ಲಿ ಓಡಾಡಿ. ಆಗಲೂ ಇಷ್ಟವಾದರೆ ನಿಮ್ಮ ಆಸೆ ಗಟ್ಟಿ.

ಚಿಕ್ಕ ಹೋಟೆಲ್ ಅಥವಾ ಕಾಂಡಿಮೆಂಟ್ಸ್ ಇಡುವ ಯೋಚನೆ ಇದೆ.

ಅದರ ಅನುಭವ ನನಗಿಲ್ಲ, ಅದರಲ್ಲಿರುವವರನ್ನು ಕೇಳಿ. ಲೆಕ್ಕಪತ್ರದ ಬಗ್ಗೆ ಒಂದು ಮಾತು: 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಹಾಳೆ ಇಳಿಯಿತು. ಅಂಗಡಿಯ ಖಾತೆ, ಮನೆಯ ಖಾತೆ ಮೊದಲ ದಿನದಿಂದಲೇ ಬೇರೆ ಇರಲಿ.

ನಿಮ್ಮ ಹಾಗೆ ಶಿಕ್ಷಕರಾಗಬೇಕೆಂದರೆ?

ಬಿ.ಎಡ್. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಪೂರ್ತಿ ಹಾಜರಾತಿಯದು. ಕೆಲಸದಲ್ಲಿದ್ದುಕೊಂಡು ಮಾಡಲಾಗುವುದಿಲ್ಲ. ದೂರಶಿಕ್ಷಣದ ಬಿ.ಎಡ್. ಇರುವುದು ಈಗಾಗಲೇ ಶಿಕ್ಷಕರಾಗಿರುವವರಿಗೆ, ಇಲ್ಲವೇ ಶಿಕ್ಷಕ ತರಬೇತಿಯೊಂದನ್ನು ಮುಗಿಸಿದವರಿಗೆ. ಗಣಿತ, ವಿಜ್ಞಾನ ಓದಿದ ಬಿ.ಇ. ಪದವೀಧರರಿಗೂ ಶೇ. 55 ಅಂಕವಿದ್ದರೆ ಅವಕಾಶವಿದೆ. ಆರರಿಂದ ಎಂಟನೇ ತರಗತಿಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಬರೆಯಬೇಕು, 2021ರಿಂದ ಆ ಪ್ರಮಾಣಪತ್ರಕ್ಕೆ ಆಜೀವ ಮಾನ್ಯತೆ ಇದೆ. ಚಿಕ್ಕ ಮಕ್ಕಳಿಗೇ ಕಲಿಸುವ ಆಸೆಯಿರುವವರು ಗಮನಿಸಿ: ಒಂದರಿಂದ ಐದನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದಕ್ಕೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಡಿ.ಎಲ್.ಎಡ್. ಬೇಕು. ಇದನ್ನು ತಿಳಿಯದೆ ಎರಡು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ.

ಸರಿಹೋಗದಿದ್ದರೆ ವಾಪಸ್ ಬರಬಹುದೇ?

ಬರಬಹುದು, ಎರಡು ವರ್ಷದೊಳಗೆ ಆದರೆ ಸುಲಭ. ಆಮೇಲೆ ಬಂದರೆ ಒಂದೆರಡು ಮೆಟ್ಟಿಲು ಕೆಳಗೆ ನಿಲ್ಲಬೇಕಾಗುತ್ತದೆ. ನನ್ನ ಜೊತೆ ಬಿ.ಎಡ್. ಸೇರಿದ್ದ ಗೆಳತಿಯೊಬ್ಬಳು ಇಂಟರ್ನ್‌ಶಿಪ್ ಮುಗಿದ ಮೇಲೆ ಮತ್ತೆ ಕಂಪನಿಗೆ ಹೋದಳು. 45 ಮಕ್ಕಳ ಗದ್ದಲ ಅವಳಿಗೆ ತಲೆನೋವು ತರುತ್ತಿತ್ತು. ಈಗ ಅಲ್ಲೇ ಹೊಸದಾಗಿ ಸೇರುವವರಿಗೆ ತರಬೇತಿ ಕೊಡುತ್ತಾಳೆ, ಚೆನ್ನಾಗಿದ್ದಾಳೆ.

ನಿಮಗೆ ಯಾವತ್ತೂ ಪಶ್ಚಾತ್ತಾಪ ಆಗಿಲ್ಲವೇ?

ಆಗಿದೆ. ಬಿಟ್ಟ ಮೊದಲ ತಿಂಗಳ ಕೊನೆಯ ದಿನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. 13 ವರ್ಷದಿಂದ ಆ ಹೊತ್ತಿಗೆ ಸಂಬಳ ಜಮೆಯಾದ ಮೆಸೇಜಿನ ಸದ್ದು ಬರುತ್ತಿತ್ತು. ಅವತ್ತು ಫೋನು ಸುಮ್ಮನಿತ್ತು. ಸಾಸಿವೆ ಸೀದು ಹೋಗುವವರೆಗೆ ಹಾಗೇ ನಿಂತಿದ್ದೆ. ಮಗಳು ಶಾಲಾ ಪ್ರವಾಸಕ್ಕೆ ದುಡ್ಡು ಕೇಳಿ, ಆಮೇಲೆ ತಾನೇ "ಬೇಡ ಬಿಡಮ್ಮ" ಅಂದ ದಿನವೂ ಆಯಿತು. ಕಳಿಸಿದೆವು, ಆದರೆ ಅವಳು ಹಾಗಂದದ್ದು ಇನ್ನೂ ಎದೆಯಲ್ಲಿದೆ. ಇವೆರಡು ದಿನ ನಿಮಗೂ ಬರುತ್ತವೆ. ಬಂದಾಗ ಆ ವಾರ ಯಾವ ತೀರ್ಮಾನವನ್ನೂ ಮಾಡಬೇಡಿ.

ಭಾನುವಾರ ಸಂಜೆ ಎದೆಯಲ್ಲಿ ಏನೋ ಭಾರ ಕೂತಂತೆ ಆಗುತ್ತಿದ್ದುದು ಮಾತ್ರ ಮತ್ತೆ ಬಂದಿಲ್ಲ.

ರಾಜೀನಾಮೆ ಕೊಡುವ ದಿನ ಏನೇನು ನೆನಪಿಡಬೇಕು?

ನೇಮಕಾತಿ ಪತ್ರ ತೆಗೆದು ನೋಟಿಸ್ ಅವಧಿ ನೋಡಿ, ಐಟಿಯಲ್ಲಿ ಬಹಳ ಕಡೆ 90 ದಿನ. ಬಿ.ಎಡ್. ಕಾಲೇಜು ಶುರುವಾಗುವ ತಾರೀಖಿನಿಂದ ಹಿಂದಕ್ಕೆ ಎಣಿಸಿಕೊಳ್ಳಿ. ಪತ್ರ ಮೂರು ಸಾಲು ಸಾಕು. ಯಾರ ಮೇಲೂ ದೂರು ಬೇಡ, ನಾಳೆ ಅವರೇ ನಿಮ್ಮ ಬಗ್ಗೆ ಒಂದು ಮಾತು ಹೇಳಬೇಕಾಗಿ ಬರಬಹುದು. ಲ್ಯಾಪ್‌ಟಾಪ್ ಒಪ್ಪಿಸುವ ಮೊದಲು ಸಂಬಳದ ಸ್ಲಿಪ್ಪುಗಳನ್ನೂ ಸಂಬಳದಲ್ಲಿ ಹಿಡಿದ ತೆರಿಗೆಯ ಲೆಕ್ಕವಿರುವ ಹಳೆಯ ಫಾರ್ಮ್ 16ಗಳನ್ನೂ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ, ಆಮೇಲೆ ಆ ಪೋರ್ಟಲ್ ತೆರೆಯುವುದಿಲ್ಲ. ಪಿಎಫ್ ಖಾತೆಯಲ್ಲಿರುವ ಫೋನ್ ನಂಬರ್ ಕಂಪನಿ ಕೊಟ್ಟದ್ದಾಗಿದ್ದರೆ ಇವತ್ತೇ ಬದಲಾಯಿಸಿ. ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೆ, ಎರಡು ತಿಂಗಳು ಬಿಟ್ಟು ಪಿಎಫ್ ಖಾತೆ ತೆರೆದು, ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಿ. ನನ್ನದರಲ್ಲಿ ಆಗಿರಲಿಲ್ಲ. ಹೊಸ ಶಾಲೆಯಲ್ಲಿ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಕೊಟ್ಟಾಗ ವರ್ಗಾವಣೆ ನಿಂತುಹೋಗಿ, ಹಳೆಯ ಎಚ್‌ಆರ್‌ಗೆ ನಾಲ್ಕು ಸಲ ಫೋನ್ ಮಾಡಬೇಕಾಯಿತು.